ವಯಸ್ಕರ ಸಾಕ್ಷರತಾ ಬೋಧಕರಿಗೆ ದೂರ ಹಾಗೂ ಆನ್‌ಲೈನ್ ಸ್ನಾತಕೋತ್ತರ ಶಿಕ್ಷಣ: ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ

ಶಾಲೆಯ ಮೆಟ್ಟಿಲು ಹತ್ತದ ಅಥವಾ ಶಾಲೆಯನ್ನು ಅರ್ಧಕ್ಕೇ ಬಿಟ್ಟ, 15 ವರ್ಷ ಹಾಗೂ ಅದಕ್ಕೂ ಮೇಲ್ಪಟ್ಟ ನಾಗರಿಕರಿಗೆ ಓದು, ಬರಹ ಮತ್ತು ಲೆಕ್ಕಾಚಾರವನ್ನು ಕಲಿಸುವುದು ವಯಸ್ಕರ ಸಾಕ್ಷರತಾ ಕಾರ್ಯದ ಮೊದಲ ಹೆಜ್ಜೆಯಾಗಿದೆ. ಈ ಕಾರ್ಯದಲ್ಲಿ ತೊಡಗಿರುವ ಸ್ವಯಂಸೇವಕರು, ಶಿಕ್ಷಕರು, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಹಾಗೂ ಹಿಂದೆ ಪ್ರೇರಕರಾಗಿ ಕೆಲಸ ಮಾಡಿದವರ ಪೈಕಿ ಅನೇಕರು ಈ ವಿಷಯದಲ್ಲಿ ಉನ್ನತ ವ್ಯಾಸಂಗ ಮಾಡಲು ಆಸಕ್ತಿ ಹೊಂದಿರುತ್ತಾರೆ. ಉದ್ಯೋಗ ಹಾಗೂ ಸಂಸಾರದ ಹೊಣೆ ಇರುವ ಇವರಿಗೆ ವಿಶ್ವವಿದ್ಯಾನಿಲಯದ ತರಗತಿಗೆ ದಿನನಿತ್ಯ ಹಾಜರಾಗುವುದು ಕಷ್ಟಸಾಧ್ಯ. ಅಂತಹವರಿಗಾಗಿ ದೂರ ಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣ ಎಂಬ ಎರಡು ಮಾರ್ಗಗಳಿವೆ.

ವ್ಯಾಸಂಗದ ಅಗತ್ಯ, ಅರ್ಹತೆ, ಸಂಸ್ಥೆಯ ಮಾನ್ಯತೆಯನ್ನು ಪರಿಶೀಲಿಸುವ ಕ್ರಮ, ಅರ್ಜಿ ಸಲ್ಲಿಸುವ ವಿಧಾನ ಹಾಗೂ ಪದವಿಯಿಂದ ದೊರೆಯುವ ಮತ್ತು ದೊರೆಯದ ಪ್ರಯೋಜನಗಳನ್ನು ಇಲ್ಲಿ ವಿವರಿಸಲಾಗಿದೆ. ಅಭ್ಯರ್ಥಿಗಳು ಶುಲ್ಕ ಪಾವತಿಸುವ ಮುನ್ನ ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

2. ಹಿನ್ನೆಲೆ

ಜನಗಣತಿಯ ಪ್ರಕಾರ, 7 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ ವಯಸ್ಸಿನ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಲು ಮತ್ತು ಬರೆಯಲು ಬಲ್ಲ ವ್ಯಕ್ತಿಯನ್ನು ಸಾಕ್ಷರ ಎಂದು ಪರಿಗಣಿಸಲಾಗುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತಾ ಪ್ರಮಾಣ ಶೇ. 75.36 ಆಗಿತ್ತು. ಪುರುಷರಲ್ಲಿ ಇದು ಶೇ. 82.47 ಇದ್ದರೆ ಮಹಿಳೆಯರಲ್ಲಿ ಶೇ. 68.08 ಮಾತ್ರ ಇತ್ತು. ಜಿಲ್ಲೆಗಳ ನಡುವಿನ ಅಂತರ ಇದಕ್ಕಿಂತಲೂ ದೊಡ್ಡದು. ದಕ್ಷಿಣ ಕನ್ನಡ ಜಿಲ್ಲೆಯ ಪ್ರಮಾಣ ಶೇ. 88.57 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ. 51.83 ಆಗಿತ್ತು.

ಈ ಅಂತರವನ್ನು ಕಡಿಮೆ ಮಾಡಲು ದೇಶದಲ್ಲಿ ಹಂತಹಂತವಾಗಿ ಹಲವು ಕಾರ್ಯಕ್ರಮಗಳನ್ನು ಹಮ್ಮಿಕೊಳ್ಳಲಾಯಿತು. ಅವುಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ.

• 1978ರ ಅಕ್ಟೋಬರ್ 2: ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದ ಆರಂಭ.
• 1988ರ ಮೇ 5: ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆ. ಇದರ ಅಡಿಯಲ್ಲಿ 1990ರ ದಶಕದಲ್ಲಿ ಜಿಲ್ಲೆಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನಗಳು ನಡೆದವು.
• 2009ರ ಸೆಪ್ಟೆಂಬರ್ 8: ಮಹಿಳಾ ಸಾಕ್ಷರತೆಗೆ ಒತ್ತು ನೀಡಿದ ಸಾಕ್ಷರ ಭಾರತ್ ಕಾರ್ಯಕ್ರಮದ ಆರಂಭ. ಗ್ರಾಮ ಪಂಚಾಯಿತಿ ಮಟ್ಟದ ಲೋಕ ಶಿಕ್ಷಣ ಕೇಂದ್ರಗಳಲ್ಲಿ ಗೌರವಧನದ ಆಧಾರದ ಮೇಲೆ ಪ್ರೇರಕರು ಕಾರ್ಯನಿರ್ವಹಿಸಿದರು. ಈ ಕಾರ್ಯಕ್ರಮವು 2018ರ ಮಾರ್ಚ್ 31ಕ್ಕೆ ಮುಕ್ತಾಯಗೊಂಡಿತು.
• 2022: ರಾಷ್ಟ್ರೀಯ ಶಿಕ್ಷಣ ನೀತಿ 2020ಕ್ಕೆ ಅನುಗುಣವಾಗಿ, 2022-23ರಿಂದ 2026-27ರವರೆಗಿನ ಐದು ಆರ್ಥಿಕ ವರ್ಷಗಳಿಗೆ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರದ ಮಂಜೂರಾತಿ ದೊರೆಯಿತು. ಒಟ್ಟು ವೆಚ್ಚ 1,037.90 ಕೋಟಿ ರೂಪಾಯಿಗಳೆಂದು ಅಂದಾಜಿಸಲಾಗಿದ್ದು, ಇದರಲ್ಲಿ ಕೇಂದ್ರದ ಪಾಲು 700 ಕೋಟಿ ಹಾಗೂ ರಾಜ್ಯಗಳ ಪಾಲು 337.90 ಕೋಟಿ ರೂಪಾಯಿ. ಈ ಕಾರ್ಯಕ್ರಮವು 'ಉಲ್ಲಾಸ್' ಎಂಬ ಹೆಸರಿನಿಂದ ಪರಿಚಿತವಾಗಿದೆ.

ಉಲ್ಲಾಸ್ ಕಾರ್ಯಕ್ರಮದಲ್ಲಿ ಐದು ಅಂಗಗಳಿವೆ. ಅವು ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ, ಜೀವನಾವಶ್ಯಕ ಕೌಶಲಗಳು, ವೃತ್ತಿ ಕೌಶಲಗಳು, ಮೂಲ ಶಿಕ್ಷಣ ಮತ್ತು ನಿರಂತರ ಶಿಕ್ಷಣ. ಬೋಧನೆಯ ಹೊಣೆಯನ್ನು ಗೌರವಧನ ಪಡೆಯದ ಸ್ವಯಂಸೇವಕರಿಗೆ ವಹಿಸಲಾಗಿದೆ. ಹೀಗಾಗಿ ಸಾಕ್ಷರತೆಯ ಫಲಿತಾಂಶವು ಸ್ವಯಂಸೇವಕರ ಸಿದ್ಧತೆಯನ್ನೂ, ಅವರಿಗೆ ಮಾರ್ಗದರ್ಶನ ನೀಡಬಲ್ಲ ತರಬೇತುದಾರರ ಲಭ್ಯತೆಯನ್ನೂ ಅವಲಂಬಿಸಿದೆ. ಈ ಕೊಂಡಿಯನ್ನು ಬಲಪಡಿಸುವಲ್ಲಿ ಸ್ನಾತಕೋತ್ತರ ವ್ಯಾಸಂಗ ನೆರವಾಗುತ್ತದೆ.

3. ವಯಸ್ಕರ ಬೋಧನೆಗೆ ಪ್ರತ್ಯೇಕ ತರಬೇತಿಯ ಅಗತ್ಯ

ಮಕ್ಕಳಿಗೆ ಕಲಿಸುವ ಕ್ರಮವನ್ನೇ ವಯಸ್ಕರಿಗೂ ಅನ್ವಯಿಸಿದಲ್ಲಿ ಕಲಿಕೆ ಮುಂದುವರಿಯುವುದಿಲ್ಲ. ಮಗುವಿಗೆ ಶಾಲೆಯ ಹಾಜರಾತಿ ಕಡ್ಡಾಯ. ವಯಸ್ಕ ಕಲಿಕಾರ್ಥಿಯು ದಿನದ ದುಡಿಮೆ ಮುಗಿಸಿ, ತನ್ನ ಇಚ್ಛೆಯಿಂದ ಕೇಂದ್ರಕ್ಕೆ ಬರುತ್ತಾನೆ. ಕಲಿತದ್ದು ಉಪಯೋಗಕ್ಕೆ ಬಾರದೆಂದು ಅಥವಾ ನಾಲ್ಕು ಜನರೆದುರು ಅವಮಾನವಾಯಿತೆಂದು ಅನಿಸಿದರೆ ಮರುದಿನ ಬರುವುದಿಲ್ಲ. ಕಾರಣವನ್ನು ತಿಳಿಸುವುದೂ ಇಲ್ಲ. ಬೋಧಕರು ಈ ಕೆಳಕಂಡ ಅಂಶಗಳನ್ನು ಅರಿತಿರಬೇಕಾಗುತ್ತದೆ.

ಅ) ಪೂರ್ವಾನುಭವ: ರಾಗಿಯನ್ನು ಸೇರು, ಪಾವುಗಳಲ್ಲಿ ಅಳೆದು, ಕೂಲಿಯ ಲೆಕ್ಕವನ್ನು ಬಾಯಲ್ಲೇ ಹಾಕಬಲ್ಲ ಮಹಿಳೆಗೆ ಗಣಿತ ಹೊಸದಲ್ಲ. ಅಂಕಿಗಳ ಬರಹರೂಪ ಮಾತ್ರ ಹೊಸದು. ಆಕೆಗೆ ಗೊತ್ತಿರುವ ಲೆಕ್ಕದಿಂದಲೇ ಪಾಠವನ್ನು ಆರಂಭಿಸಬೇಕು.

ಆ) ಲಿಪಿಯ ಕ್ರಮ: ವರ್ಣಮಾಲೆ, ಕಾಗುಣಿತ ಮತ್ತು ಒತ್ತಕ್ಷರಗಳನ್ನು ಪೂರ್ಣವಾಗಿ ಬಾಯಿಪಾಠ ಮಾಡಿಸಿದ ನಂತರವೇ ಪದಗಳಿಗೆ ಬರುವುದು ವಯಸ್ಕರಿಗೆ ದೀರ್ಘವೂ ನೀರಸವೂ ಆದ ದಾರಿ. ಪರಿಚಿತ ಪದಗಳನ್ನು ಮೊದಲು ತೋರಿಸಿ, ಅವುಗಳನ್ನು ಬಿಡಿಸಿ ಅಕ್ಷರಗಳನ್ನು ಪರಿಚಯಿಸುವ ಕ್ರಮವು ಹೆಚ್ಚು ಅನುಕೂಲಕರ. 'ಮನೆ', 'ಹಣ', 'ರಾಗಿ' ಮುಂತಾದ ಸರಳ ಪದಗಳಿಂದ ಆರಂಭಿಸಿ, 'ಅಕ್ಕಿ', 'ಅಮ್ಮ' ಮುಂತಾದ ಸಜಾತೀಯ ಒತ್ತಕ್ಷರಗಳ ಪದಗಳಿಗೂ, ಅನಂತರ 'ಪಡಿತರ ಚೀಟಿ', 'ಉದ್ಯೋಗ ಚೀಟಿ', 'ಆಸ್ಪತ್ರೆ' ಮುಂತಾದ ನಿತ್ಯ ಬಳಕೆಯ ಪದಗಳಿಗೂ ಸಾಗಬಹುದು.

ಇ) ಮನೆಮಾತು: ರಾಜ್ಯದ ಅನೇಕ ಕಲಿಕಾರ್ಥಿಗಳ ಮನೆಮಾತು ಲಂಬಾಣಿ, ಉರ್ದು, ತುಳು, ತೆಲುಗು ಅಥವಾ ಬೇರೊಂದು ಭಾಷೆಯಾಗಿರುತ್ತದೆ. ಇವರು ಭಾಷೆಯನ್ನೂ ಲಿಪಿಯನ್ನೂ ಏಕಕಾಲಕ್ಕೆ ಕಲಿಯಬೇಕಾಗುತ್ತದೆ. ಇದನ್ನು ಬುದ್ಧಿಮಂದತೆ ಎಂದು ತಪ್ಪಾಗಿ ಭಾವಿಸುವ ಬೋಧಕರು ಕಲಿಕಾರ್ಥಿಯನ್ನು ಕಳೆದುಕೊಳ್ಳುತ್ತಾರೆ.

ಈ) ಕಾಲ ಮತ್ತು ಋತು: ಸುಗ್ಗಿಯ ಕಾಲದಲ್ಲಿ, ಗುಳೆ ಹೋಗುವ ತಿಂಗಳುಗಳಲ್ಲಿ ಕೇಂದ್ರ ಖಾಲಿಯಾಗುತ್ತದೆ. ಪಾಠ ಯೋಜನೆಯು ಊರಿನ ದುಡಿಮೆಯ ಕಾಲಕ್ಕೆ ಹೊಂದಿಕೊಂಡಿರಬೇಕು.

ಉ) ಮರೆವು: ಹೆಬ್ಬೆಟ್ಟಿನ ಬದಲು ಸಹಿ ಹಾಕಲು ಕಲಿತಾಕ್ಷಣ ಸಾಕ್ಷರತೆ ಪೂರ್ಣಗೊಳ್ಳುವುದಿಲ್ಲ. ಓದಲು ಸಾಮಗ್ರಿ ಇಲ್ಲದಿದ್ದಲ್ಲಿ ಕಲಿತ ಅಕ್ಷರಗಳೂ ಮರೆತುಹೋಗುತ್ತವೆ. ನವಸಾಕ್ಷರರಿಗೆ ನಿರಂತರ ಶಿಕ್ಷಣವನ್ನು ಒದಗಿಸಬೇಕಾದ ಅಗತ್ಯ ಇದರಿಂದಲೇ ಉಂಟಾಗಿದೆ.

ಈ ವಿಷಯಗಳ ಕ್ರಮಬದ್ಧ ಅಧ್ಯಯನವೇ ವಯಸ್ಕರ ಶಿಕ್ಷಣ ಶಾಸ್ತ್ರ. ಬ್ರೆಜಿಲ್ ದೇಶದ ಪೌಲೊ ಫ್ರೇರೆ, ಅಮೆರಿಕದ ಮಾಲ್ಕಮ್ ನೋಲ್ಸ್ ಮೊದಲಾದವರ ಚಿಂತನೆಗಳು ಇದಕ್ಕೆ ತಳಹದಿ ಒದಗಿಸಿವೆ. ಕಲಿಕಾರ್ಥಿಯ ಬದುಕಿನ ಸಮಸ್ಯೆಗಳ ಕುರಿತ ಸಂವಾದದಿಂದಲೇ ಓದು ಹುಟ್ಟಬೇಕೆಂಬುದು ಫ್ರೇರೆಯವರ ನಿಲುವು. ವಯಸ್ಕರು ತಮ್ಮ ಕಲಿಕೆಯನ್ನು ತಾವೇ ನಿರ್ದೇಶಿಸಿಕೊಳ್ಳಲು ಬಯಸುತ್ತಾರೆ ಎಂಬುದು ನೋಲ್ಸ್ ಅವರ ಪ್ರತಿಪಾದನೆ.

4. ತರಬೇತಿಯ ಹಂತಗಳು

ಅಭ್ಯರ್ಥಿಗಳು ತಮ್ಮ ಉದ್ದೇಶಕ್ಕೆ ಅನುಗುಣವಾಗಿ ಈ ಕೆಳಕಂಡ ಮೂರು ಹಂತಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದಾಗಿದೆ.

(1) ಸ್ವಯಂಸೇವಕರ ಹಂತ: ಉಲ್ಲಾಸ್ ಕಾರ್ಯಕ್ರಮದಲ್ಲಿ ಕಲಿಸಲು ಯಾವುದೇ ಪದವಿಯ ಅಗತ್ಯವಿಲ್ಲ. ವಿದ್ಯಾರ್ಥಿಗಳು, ಶಿಕ್ಷಕರು, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರು, ಎನ್.ಎಸ್.ಎಸ್. ಮತ್ತು ಎನ್.ಸಿ.ಸಿ. ಸದಸ್ಯರು ಸ್ವಯಂಸೇವಕರಾಗಬಹುದು. ಮೊಬೈಲ್ ಆ್ಯಪ್ ಮೂಲಕ ಹೆಸರು ನೋಂದಾಯಿಸಿಕೊಳ್ಳಬಹುದು. ಬೋಧನಾ ಸಾಮಗ್ರಿಯು ಎನ್.ಸಿ.ಇ.ಆರ್.ಟಿ.ಯ ದೀಕ್ಷಾ ವೇದಿಕೆಯಲ್ಲಿ ಉಚಿತವಾಗಿ ದೊರೆಯುತ್ತದೆ.

(2) ಅಲ್ಪಾವಧಿ ಆನ್‌ಲೈನ್ ಕೋರ್ಸುಗಳು: ಕೇಂದ್ರ ಸರ್ಕಾರವು 2017ರ ಜುಲೈನಲ್ಲಿ ಆರಂಭಿಸಿದ ಸ್ವಯಂ ವೇದಿಕೆಯಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಕೋರ್ಸುಗಳನ್ನು ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರ ಬೇಕಾದಲ್ಲಿ ನಿಗದಿತ ಶುಲ್ಕ ಪಾವತಿಸಿ ಪರೀಕ್ಷೆಗೆ ಹಾಜರಾಗಬೇಕು. ಈ ಪ್ರಮಾಣಪತ್ರವು ಸ್ನಾತಕೋತ್ತರ ಪದವಿಗೆ ಸಮನಲ್ಲ.

(3) ಸ್ನಾತಕೋತ್ತರ ಪದವಿ: ತರಬೇತುದಾರರಾಗಲು, ಕಾರ್ಯಕ್ರಮಗಳ ಯೋಜನೆ ಹಾಗೂ ಮೌಲ್ಯಮಾಪನದ ಹೊಣೆ ಹೊರಲು, ಅಥವಾ ಈ ವಿಷಯದಲ್ಲಿ ಅಧ್ಯಾಪನ ಮತ್ತು ಸಂಶೋಧನೆ ಮಾಡಲು ಇಚ್ಛಿಸುವವರಿಗೆ ಇದು ಸೂಕ್ತ.

5. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಎಂ.ಎ. (ವಯಸ್ಕರ ಶಿಕ್ಷಣ)

1985ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಸ್ಥಾಪನೆಗೊಂಡ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು (ಇಗ್ನೋ) ವಯಸ್ಕರ ಶಿಕ್ಷಣ ವಿಷಯದಲ್ಲಿ ಎಂ.ಎ. ಪದವಿಯನ್ನು ದೂರ ಶಿಕ್ಷಣ ಮಾದರಿಯಲ್ಲಿ ರೂಪಿಸಿದೆ. ರಾಜ್ಯದಲ್ಲಿ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಕೇಂದ್ರಗಳು ಬೆಂಗಳೂರು ಮತ್ತು ವಿಜಯಪುರದಲ್ಲಿವೆ.

ಅರ್ಹತೆ: ಮಾನ್ಯತೆ ಪಡೆದ ವಿಶ್ವವಿದ್ಯಾನಿಲಯದಿಂದ ಯಾವುದೇ ವಿಷಯದಲ್ಲಿ ಪದವಿ ಪಡೆದಿರತಕ್ಕದ್ದು.

ಅವಧಿ: ಕನಿಷ್ಠ ಎರಡು ವರ್ಷಗಳು. ನಿಗದಿತ ಗರಿಷ್ಠ ಅವಧಿಯೊಳಗೆ ತಮ್ಮ ಅನುಕೂಲಕ್ಕೆ ತಕ್ಕಂತೆ ಪೂರ್ಣಗೊಳಿಸಬಹುದು.

ವಿಷಯಗಳು: ವಯಸ್ಕರ ಶಿಕ್ಷಣದ ಪರಿಚಯ, ಭಾರತದಲ್ಲಿ ಈ ಕ್ಷೇತ್ರದ ನೀತಿ, ಯೋಜನೆ ಮತ್ತು ಅನುಷ್ಠಾನ, ಜ್ಞಾನ ನಿರ್ವಹಣೆ ಹಾಗೂ ಮಾಹಿತಿ ಪ್ರಸಾರ, ವಿಸ್ತರಣಾ ಶಿಕ್ಷಣ ಮತ್ತು ಅಭಿವೃದ್ಧಿ ಮೊದಲಾದವು.

ವ್ಯಾಸಂಗದ ಹೊರೆ: ಇಗ್ನೋ ಕ್ರಮದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ನಾಲ್ಕು ಕ್ರೆಡಿಟ್‌ಗಳ ಒಂದು ವಿಷಯಕ್ಕೆ ಸುಮಾರು 120 ಗಂಟೆಗಳನ್ನು ಮೀಸಲಿಡಬೇಕಾಗುತ್ತದೆ. ಉದ್ಯೋಗದಲ್ಲಿರುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳಿತು.

ಮೌಲ್ಯಮಾಪನ: ಮನೆಯಲ್ಲಿ ಬರೆದು ಸಲ್ಲಿಸುವ ನಿಯೋಜಿತ ಕಾರ್ಯಗಳು ಹಾಗೂ ಅವಧಿ ಅಂತ್ಯದ ಪರೀಕ್ಷೆ ಎರಡೂ ಇರುತ್ತವೆ. ಅವಧಿ ಅಂತ್ಯದ ಪರೀಕ್ಷೆಗಳು ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತವೆ. ನಿಯೋಜಿತ ಕಾರ್ಯಗಳನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸತಕ್ಕದ್ದು.

ಮಾಧ್ಯಮ: ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಬಹುದೆಂದು ಊಹಿಸಿಕೊಂಡು ಪ್ರವೇಶ ಪಡೆಯಬಾರದು. ಲಭ್ಯವಿರುವ ಮಾಧ್ಯಮವನ್ನು ಆಯಾ ಸಾಲಿನ ಪ್ರವೇಶ ಪ್ರಕಟಣೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಇಗ್ನೋದ ಅಧ್ಯಯನ ಸಾಮಗ್ರಿಯು ವಿಶ್ವವಿದ್ಯಾನಿಲಯದ ಇ-ಜ್ಞಾನಕೋಶ ಎಂಬ ಅಂತರಜಾಲ ಭಂಡಾರದಲ್ಲಿ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತದೆ. ಒಂದೆರಡು ಪಾಠಗಳನ್ನು ಓದಿ, ಭಾಷೆ ಮತ್ತು ವಿಷಯ ತಮಗೆ ಹೊಂದುವುದೇ ಎಂದು ನೋಡಿಕೊಂಡ ನಂತರ ಶುಲ್ಕ ಪಾವತಿಸುವುದು ಸೂಕ್ತ.

6. ದೂರ ಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣ: ವ್ಯತ್ಯಾಸ

ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಒಂದು ಕಾರ್ಯಕ್ರಮವು ಆನ್‌ಲೈನ್ ಪದವಿ ಎನಿಸಿಕೊಳ್ಳುವುದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯು.ಜಿ.ಸಿ.) 2020ರ ಮುಕ್ತ ಮತ್ತು ದೂರ ಶಿಕ್ಷಣ ಹಾಗೂ ಆನ್‌ಲೈನ್ ಕಾರ್ಯಕ್ರಮಗಳ ವಿನಿಯಮಗಳು ಇವೆರಡನ್ನೂ ಪ್ರತ್ಯೇಕವಾಗಿ ಗುರುತಿಸಿವೆ.

• ದೂರ ಶಿಕ್ಷಣದಲ್ಲಿ ಸ್ವಯಂ ಕಲಿಕಾ ಸಾಮಗ್ರಿ ಮುಖ್ಯ. ಅಧ್ಯಯನ ಕೇಂದ್ರದಲ್ಲಿ ಆಗಾಗ ಮುಖಾಮುಖಿ ಸಮಾಲೋಚನೆ ಇರುತ್ತದೆ.
• ಆನ್‌ಲೈನ್ ಶಿಕ್ಷಣದಲ್ಲಿ ದೃಶ್ಯ ಪಾಠಗಳು, ಓದುವ ಸಾಮಗ್ರಿ, ಚರ್ಚೆ ಮತ್ತು ಸ್ವಯಂ ಮೌಲ್ಯಮಾಪನ ಅಂತರಜಾಲದ ಮೂಲಕವೇ ನಡೆಯುತ್ತವೆ.

ಸದರಿ ವಿನಿಯಮಗಳ ಅನ್ವಯ ಮಾನ್ಯತೆ ಪಡೆದ ಸಂಸ್ಥೆಗಳು ಈ ಎರಡೂ ಮಾದರಿಗಳಲ್ಲಿ ನೀಡುವ ಪದವಿಗಳು ಸಾಂಪ್ರದಾಯಿಕ ಪದವಿಗಳಿಗೆ ಸಮಾನವೆಂದು ಯು.ಜಿ.ಸಿ. 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. 'ಮಾನ್ಯತೆ ಪಡೆದ' ಎಂಬ ಷರತ್ತನ್ನು ಅಭ್ಯರ್ಥಿಗಳು ಗಮನಿಸಬೇಕು.

ಅಂತರಜಾಲ ಸಂಪರ್ಕ ದುರ್ಬಲವಾಗಿರುವ ಗ್ರಾಮಗಳ ಅಭ್ಯರ್ಥಿಗಳಿಗೆ ಮುದ್ರಿತ ಸಾಮಗ್ರಿ ನೀಡುವ ದೂರ ಶಿಕ್ಷಣವು ಹೆಚ್ಚು ಅನುಕೂಲಕರವಾಗಬಹುದು. ಯಾವ ಮಾದರಿಯನ್ನು ಆಯ್ದುಕೊಂಡರೂ, ವ್ಯಾಸಂಗದ ಅವಧಿಯಲ್ಲಿ ಕನಿಷ್ಠ ಒಂದು ಕಲಿಕಾ ಗುಂಪಿಗೆ ತಾವೇ ಪಾಠ ಮಾಡುವುದು ಅಪೇಕ್ಷಣೀಯ. ಪರದೆಯ ಮೇಲೆ ಓದಿದ ಬೋಧನಾ ಕ್ರಮವು ಕಲಿಕಾರ್ಥಿಗಳ ಎದುರು ಪರೀಕ್ಷೆಗೊಳಪಟ್ಟಾಗಲೇ ಬೋಧಕರಿಗೆ ದಕ್ಕುತ್ತದೆ.

7. ಮಾನ್ಯತೆಯ ಪರಿಶೀಲನೆ

ಸಂಸ್ಥೆಗೆ ಹೆಸರಿದೆ ಅಥವಾ ಅದು ಸರ್ಕಾರಿ ಸಂಸ್ಥೆ ಎಂಬ ಕಾರಣಕ್ಕೆ ಪರಿಶೀಲನೆಯನ್ನು ಕೈಬಿಡಬಾರದು. ಮಾನ್ಯತೆಯನ್ನು ಸಂಸ್ಥೆ, ಕಾರ್ಯಕ್ರಮ ಮತ್ತು ಶೈಕ್ಷಣಿಕ ಸಾಲು ಈ ಮೂರರ ಆಧಾರದ ಮೇಲೆ ನೋಡಬೇಕಾಗುತ್ತದೆ. ಉದಾಹರಣೆಗೆ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ದೂರ ಶಿಕ್ಷಣ ಕಾರ್ಯಕ್ರಮಗಳಿಗೆ 2013-14ನೇ ಸಾಲಿನಿಂದ ಯು.ಜಿ.ಸಿ. ಮಾನ್ಯತೆ ಇರಲಿಲ್ಲ. 2018-19ನೇ ಸಾಲಿನಿಂದ ಮತ್ತೆ ಮಾನ್ಯತೆ ದೊರೆಯಿತು. ನಡುವಿನ ವರ್ಷಗಳಲ್ಲಿ ಪ್ರವೇಶ ಪಡೆದವರು ತಮ್ಮ ಪದವಿಯ ಸಿಂಧುತ್ವದ ಬಗ್ಗೆ ದೀರ್ಘಕಾಲ ಅನಿಶ್ಚಿತತೆಯನ್ನು ಎದುರಿಸಬೇಕಾಯಿತು.

ಆದ್ದರಿಂದ ಅಭ್ಯರ್ಥಿಗಳು ಶುಲ್ಕ ಪಾವತಿಗೆ ಮುನ್ನ ಈ ಕೆಳಕಂಡವುಗಳನ್ನು ಪರಿಶೀಲಿಸಲು ಸೂಚಿಸಲಾಗಿದೆ.

1. ಯು.ಜಿ.ಸಿ.ಯ ದೂರ ಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಸಂಸ್ಥೆಯ ಹೆಸರು ಇದೆಯೇ?
2. ತಾವು ಸೇರಬಯಸುವ ಕಾರ್ಯಕ್ರಮದ ಹೆಸರು ಅದೇ ಪಟ್ಟಿಯಲ್ಲಿ ಪ್ರತ್ಯೇಕವಾಗಿ ನಮೂದಾಗಿದೆಯೇ?
3. ಪ್ರವೇಶ ಪಡೆಯುವ ಶೈಕ್ಷಣಿಕ ಸಾಲಿಗೆ ಮಾನ್ಯತೆ ಜಾರಿಯಲ್ಲಿದೆಯೇ?
4. ಮಾನ್ಯತೆ ದೂರ ಶಿಕ್ಷಣಕ್ಕೋ, ಆನ್‌ಲೈನ್ ಶಿಕ್ಷಣಕ್ಕೋ?
5. ಪ್ರವೇಶ ನೀಡುತ್ತಿರುವವರು ವಿಶ್ವವಿದ್ಯಾನಿಲಯವೇ, ಅಥವಾ ಅದರ ಹೆಸರಿನಲ್ಲಿ ನಡೆಯುವ ಖಾಸಗಿ ಕೇಂದ್ರವೇ? ಫ್ರಾಂಚೈಸಿ ವ್ಯವಸ್ಥೆಯ ಮೂಲಕ ಕಾರ್ಯಕ್ರಮ ನಡೆಸಲು ವಿನಿಯಮಗಳಲ್ಲಿ ಅವಕಾಶವಿಲ್ಲ.

8. ಅರ್ಜಿ ಸಲ್ಲಿಸುವ ವಿಧಾನ

ಇಗ್ನೋ ಪ್ರವೇಶವು ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ಆವೃತ್ತಿಗಳಲ್ಲಿ ನಡೆಯುತ್ತದೆ. ಆಯಾ ಆವೃತ್ತಿಯಲ್ಲಿ ಈ ಕಾರ್ಯಕ್ರಮಕ್ಕೆ ಪ್ರವೇಶ ತೆರೆದಿರುವುದನ್ನು ಪ್ರಕಟಣೆಯಿಂದ ಖಚಿತಪಡಿಸಿಕೊಂಡು, ವಿಶ್ವವಿದ್ಯಾನಿಲಯದ ಅಧಿಕೃತ ಪೋರ್ಟಲ್ ಮೂಲಕವೇ ಅರ್ಜಿ ಸಲ್ಲಿಸತಕ್ಕದ್ದು. ಅಂತರಜಾಲ ಸೌಲಭ್ಯ ಇಲ್ಲದವರು ಸಮೀಪದ ಸೇವಾ ಕೇಂದ್ರದ ನೆರವು ಪಡೆಯಬಹುದು. ಹಾಗೆ ಪಡೆಯುವಾಗ ತಮ್ಮ ಸ್ವಂತ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ವಿಳಾಸವನ್ನೇ ನಮೂದಿಸಬೇಕು. ಮಧ್ಯವರ್ತಿಗಳ ಸಂಖ್ಯೆ ನೀಡಿದಲ್ಲಿ ಮುಂದಿನ ಸೂಚನೆಗಳು ಅಭ್ಯರ್ಥಿಗೆ ತಲುಪುವುದಿಲ್ಲ.

ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು:

• ಪದವಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಗಳು
• ಜನ್ಮ ದಿನಾಂಕದ ದಾಖಲೆ
• ಗುರುತಿನ ಚೀಟಿ
• ಭಾವಚಿತ್ರ ಮತ್ತು ಸಹಿಯ ಸ್ಕ್ಯಾನ್ ಪ್ರತಿ
• ಅನ್ವಯಿಸುವಲ್ಲಿ, ಜಾತಿ ಅಥವಾ ಅಂಗವೈಕಲ್ಯ ಪ್ರಮಾಣಪತ್ರ
• ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಗುರುತಿನ ಸಂಖ್ಯೆ ಮತ್ತು ದೂರ ಶಿಕ್ಷಣ ಬ್ಯೂರೋದ ಡಿ.ಇ.ಬಿ. ಗುರುತಿನ ಸಂಖ್ಯೆ

ಡಿ.ಇ.ಬಿ. ಗುರುತಿನ ಸಂಖ್ಯೆಯನ್ನು ಯು.ಜಿ.ಸಿ. 2024ರಲ್ಲಿ ಕಡ್ಡಾಯಗೊಳಿಸಿದೆ. ಅಭ್ಯರ್ಥಿಯು ಇದನ್ನು ಸ್ವತಃ ಪಡೆದುಕೊಳ್ಳಬೇಕು. ಹಣ ಪಾವತಿಸಿದ ರಸೀದಿ ಹಾಗೂ ಭರ್ತಿ ಮಾಡಿದ ಅರ್ಜಿಯ ಪ್ರತಿಯನ್ನು ಪದವಿ ದೊರೆಯುವವರೆಗೂ ಕಾಯ್ದಿರಿಸಿಕೊಳ್ಳುವುದು.

9. ಪದವಿಯ ಉಪಯೋಗ ಮತ್ತು ಮಿತಿ

ವಯಸ್ಕರ ಶಿಕ್ಷಣವು ಯು.ಜಿ.ಸಿ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ (ನೆಟ್) ಒಂದು ಪ್ರತ್ಯೇಕ ವಿಷಯವಾಗಿದ್ದು, ಇದರ ಸಂಕೇತ ಸಂಖ್ಯೆ 46. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಪಡೆದವರು ಈ ಪರೀಕ್ಷೆಗೆ ಅರ್ಹರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗ, ಅಂಗವಿಕಲ ಹಾಗೂ ತೃತೀಯ ಲಿಂಗದ ಅಭ್ಯರ್ಥಿಗಳಿಗೆ ಈ ಮಿತಿ ಶೇ. 50 ಆಗಿದೆ. ಸ್ವಯಂಸೇವಾ ಸಂಸ್ಥೆಗಳ ತರಬೇತಿ ವಿಭಾಗ, ಸಮುದಾಯ ಅಭಿವೃದ್ಧಿ ಯೋಜನೆಗಳು ಹಾಗೂ ವಿಶ್ವವಿದ್ಯಾನಿಲಯಗಳ ವಿಸ್ತರಣಾ ವಿಭಾಗಗಳಲ್ಲಿ ಈ ಜ್ಞಾನಕ್ಕೆ ಬೆಲೆ ಇದೆ.

ಆದರೆ ಈ ಪದವಿಯು ಬಿ.ಇಡಿ. ಅಥವಾ ಡಿ.ಇಎಲ್.ಇಡಿ.ಗೆ ಬದಲಿಯಲ್ಲ. ಇದರ ಆಧಾರದ ಮೇಲೆ ಮಾತ್ರ ಶಾಲಾ ಶಿಕ್ಷಕರ ಹುದ್ದೆಗೆ ಅರ್ಹತೆ ದೊರೆಯುವುದಿಲ್ಲ. ಪದವಿ ಪಡೆದವರಿಗೆ ಸರ್ಕಾರಿ ನೇಮಕಾತಿಯ ಭರವಸೆಯೂ ಇರುವುದಿಲ್ಲ. ಉದ್ಯೋಗ ಖಚಿತವೆಂದು ಹೇಳಿ ಪ್ರವೇಶಕ್ಕೆ ಹಣ ಕೇಳುವವರನ್ನು ನಂಬಬಾರದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿಂದೆ ಪ್ರೇರಕರಾಗಿದ್ದವರಿಗೆ ಪದವಿ ಇಲ್ಲದಿದ್ದಲ್ಲಿ ಪ್ರವೇಶ ದೊರೆಯುವುದೇ?
ಉತ್ತರ: ಇಲ್ಲ. ಸ್ನಾತಕೋತ್ತರ ಪ್ರವೇಶಕ್ಕೆ ಪದವಿ ಅಗತ್ಯ. ಅಂತಹವರು ಮೊದಲು ಮುಕ್ತ ವಿಶ್ವವಿದ್ಯಾನಿಲಯದಿಂದ ಪದವಿ ಪಡೆಯಬಹುದು. ಅವರ ಕ್ಷೇತ್ರಾನುಭವವು ಮುಂದಿನ ವ್ಯಾಸಂಗದಲ್ಲಿ ದೊಡ್ಡ ಆಸ್ತಿಯಾಗುತ್ತದೆ.

ಪ್ರಶ್ನೆ: ಬೇರೊಂದು ಪದವಿಯನ್ನು ಓದುತ್ತಿರುವಾಗಲೇ ಇದಕ್ಕೆ ಸೇರಬಹುದೇ?
ಉತ್ತರ: ಯು.ಜಿ.ಸಿ. 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಎರಡು ಶೈಕ್ಷಣಿಕ ಕಾರ್ಯಕ್ರಮಗಳನ್ನು ಏಕಕಾಲಕ್ಕೆ ವ್ಯಾಸಂಗ ಮಾಡಲು ಅವಕಾಶವಿದೆ. ತಮ್ಮ ವಿಶ್ವವಿದ್ಯಾನಿಲಯ ಇದನ್ನು ಅಳವಡಿಸಿಕೊಂಡಿದೆಯೇ ಎಂದು ವಿಚಾರಿಸಿಕೊಳ್ಳುವುದು.

ಪ್ರಶ್ನೆ: ಕಲಿಕಾರ್ಥಿಗಳ ಸಾಕ್ಷರತೆಯನ್ನು ಹೇಗೆ ಅಳೆಯಲಾಗುತ್ತದೆ?
ಉತ್ತರ: ಉಲ್ಲಾಸ್ ಕಾರ್ಯಕ್ರಮದ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ಪರೀಕ್ಷೆಯು 150 ಅಂಕಗಳದ್ದಾಗಿದ್ದು, ಓದು, ಬರಹ ಮತ್ತು ಲೆಕ್ಕಕ್ಕೆ ತಲಾ 50 ಅಂಕಗಳಿವೆ.

ಪ್ರಶ್ನೆ: ಕಲಿಸಲು ಇಚ್ಛೆ ಇದೆ, ಆದರೆ ಎರಡು ವರ್ಷ ಓದಲು ಸಾಧ್ಯವಿಲ್ಲ. ಏನು ಮಾಡಬಹುದು?
ಉತ್ತರ: ಸ್ವಯಂಸೇವಕರಾಗಿ ಈಗಲೇ ಕೆಲಸ ಆರಂಭಿಸಬಹುದು. ತಮ್ಮ ಜಿಲ್ಲೆಯ ವಯಸ್ಕರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಿ, ಸಮೀಪದ ಕಲಿಕಾ ಗುಂಪಿನ ವಿವರ ಪಡೆಯಬಹುದು.

11. ಸಾರ್ವಜನಿಕರ ಗಮನಕ್ಕೆ

ಶುಲ್ಕ, ಕೊನೆಯ ದಿನಾಂಕ ಮತ್ತು ಮಾನ್ಯತೆಯ ಸ್ಥಿತಿ ಕಾಲಕಾಲಕ್ಕೆ ಬದಲಾಗುತ್ತವೆ. ಇವುಗಳ ಬಗ್ಗೆ ಸಂಬಂಧಪಟ್ಟ ವಿಶ್ವವಿದ್ಯಾನಿಲಯ ಹಾಗೂ ಯು.ಜಿ.ಸಿ.ಯ ಇತ್ತೀಚಿನ ಪ್ರಕಟಣೆಗಳೇ ಅಂತಿಮ. ಮಾನ್ಯತೆಯನ್ನು ಪರಿಶೀಲಿಸಲು ವ್ಯಯಿಸುವ ಅರ್ಧ ಗಂಟೆ ಎರಡು ವರ್ಷಗಳ ಶ್ರಮವನ್ನು ಕಾಪಾಡುತ್ತದೆ. ಸರಿಯಾಗಿ ತರಬೇತಿ ಪಡೆದ ಒಬ್ಬ ಬೋಧಕರು ಹತ್ತಾರು ಸ್ವಯಂಸೇವಕರನ್ನು ಸಿದ್ಧಗೊಳಿಸಬಲ್ಲರು. ಆಸಕ್ತ ಅಭ್ಯರ್ಥಿಗಳು ಈ ಅವಕಾಶದ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.